ಹಗೇವಿನ ಬಾಯಿ ಯಾರಿಗೆ ಗೊತ್ತು?



ಇಂದು ನಿಮ್ಮೊಡನೆ ಜಗಳ ತೆಗೆಯಬೇಕೆಂದೇ ಬರೆಯಲು ಕುಳಿತಿದ್ದೇನೆ. ಜಗಳ ಎರಡು ಪಕ್ಷಗಳ ಜೊತೆಗೆ. ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ನೌಕರಿ ಮಾಡುತ್ತಿರುವ ತರುಣರದು ಒಂದು ಪಕ್ಷ. ಊರಿನ ಕಟ್ಟೆಯ ಮೇಲೆ ಕುಳಿತು ಅವರನ್ನು ಬಯ್ಯುವ ನನ್ನಂತಹ ಹಿರಿಯರದು ಇನ್ನೊಂದು. ಜಗಳದ ವಸ್ತು ಕ್ರಿಪ್ಟೋ ಹಣ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿ, ಅಮ್ಮಿನಬಾವಿಯಲ್ಲಿ ತನ್ನಷ್ಟಕ್ಕೆ ಇರುವ ಮಾಸ್ತರನಿಗೆ ಇದರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೇಳಿರಿ, ಹೇಳುತ್ತೇನೆ.

2022ರ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಒಕ್ಕಲುತನದ ಮನೆಯ ಹುಡುಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಚಹಾ ಕುಡಿದಾದ ಮೇಲೆ ಅಂಗಿಯ ಕಿಸೆಯಿಂದ ಅಂಟು ಹಚ್ಚಿದ ಒಂದು ಲಕೋಟೆಯನ್ನು ತೆಗೆದು ನನ್ನ ಮುಂದಿಟ್ಟ.

"ಸರ, ಇದನ್ನ ನಿಮ್ಮ ಟ್ರಂಕಿನ್ಯಾಗ ಇಟ್ಕೋರಿ. ನನಗೇನರ ಆದ್ರ ನಮ್ಮ ಮನಿಯಾಕಿಗೆ ಕೊಡ್ರಿ."

"ಏನೈತೋ ಇದರಾಗ?"

"ಹನ್ನೆರಡು ಶಬ್ದ ಅದಾವ್ರಿ ಸರ. ಬಿಟ್‌ಕಾಯಿನ್ನಿನ ಕೀಲಿ."

ನನಗೆ ಸಿಟ್ಟು ಬಂದಿತು. "ಇದಕ್ಕಂತ ಓದಿಸಿದ್ದೇನೋ ನಿನ್ನ? ಓಸಿ ಬರಸೋ ಮಂದಿಗೂ ನಿನಗೂ ಏನು ಫರಕ? ಜೂಜಿನ ಕಾಗದ ನನ್ನ ಮನ್ಯಾಗ ಬ್ಯಾಡ" ಎಂದು ಬೈದೆ. ಆತ ನಕ್ಕು ಲಕೋಟೆಯನ್ನು ಮತ್ತೆ ಕಿಸೆಗೆ ಹಾಕಿಕೊಂಡ. ನಮಸ್ಕಾರ ಮಾಡಿ ಹೋದ.

2024ರ ಆರಂಭದಲ್ಲಿ ರಸ್ತೆ ಅಪಘಾತದಲ್ಲಿ ಆತ ತೀರಿಕೊಂಡ. ಎರಡು ತಿಂಗಳ ನಂತರ ಆತನ ತಂದೆ ಮಗನ ಮೊಬೈಲನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ನನ್ನ ಮನೆಯ ಕಟ್ಟೆಗೆ ಬಂದರು. "ಮಾಸ್ತರ್ರ, ಇದರಾಗ ಅವನ ರೊಕ್ಕ ಐತಿ ಅಂತಾರ್ರಿ. ಯಾವ ಬ್ಯಾಂಕಿಗೆ ಹೋಗಿ ಕೇಳೂಣ್ರಿ?" ಎಂದು ಕೇಳಿದರು. ಮೊಬೈಲನ್ನು ತೆರೆಯುವುದು ಸೊಸೆಗೆ ಗೊತ್ತಿತ್ತು. ಒಳಗಿನ ವ್ಯಾಲೆಟ್ಟಿಗೆ ಇದ್ದ ಬೇರೆ ಗುಪ್ತಸಂಖ್ಯೆ ಗೊತ್ತಿರಲಿಲ್ಲ. ಲಕೋಟೆ ಎಲ್ಲಿಯೂ ಸಿಕ್ಕಿರಲಿಲ್ಲ. ಸಿಕ್ಕದ್ದು ಒಂದು ನೋಟುಬುಕ್ಕು ಮಾತ್ರ. ಯಾವ ದಿನ ಎಷ್ಟು ರೂಪಾಯಿಗೆ ಕೊಂಡೆ ಎಂದು ಅದರಲ್ಲಿ ಚೊಕ್ಕಾಗಿ ಬರೆದಿದ್ದ. ಒಟ್ಟು 6 ಲಕ್ಷ 40 ಸಾವಿರ. ಈಗಿನ ಬೆಲೆಯಲ್ಲಿ ಅದು ಎಷ್ಟಾದೀತೆಂದು ಗಣಿತದ ಮಾಸ್ತರನಾದ ನಾನು ಲೆಕ್ಕ ಹಾಕಿಲ್ಲ.

ಆ ತಂದೆಗೆ ನಾನೇನು ಉತ್ತರ ಕೊಡಬಹುದಾಗಿತ್ತು? ಕೇಳಲು ಹೋಗುವುದಕ್ಕೆ ಬ್ಯಾಂಕೇ ಇಲ್ಲವೆಂಬುದು ಆಗ ನನಗೂ ತಿಳಿದಿರಲಿಲ್ಲ. ಆ ಲಕೋಟೆ ಒಮ್ಮೆ ನನ್ನ ಮೇಜಿನ ಮೇಲೆ ಇತ್ತೆಂದು ಅವರಿಗೆ ಹೇಳಲು ನನಗೆ ಎಂಟು ದಿನ ಬೇಕಾಯಿತು. ಆಮೇಲೆ ಈ ವಿಷಯವನ್ನು ಮೊದಲಿನಿಂದ ಓದತೊಡಗಿದೆ. ಓದಿದಷ್ಟೂ ಎರಡೂ ಪಕ್ಷಗಳ ಮೇಲೆ ನನ್ನ ಸಿಟ್ಟು ಹೆಚ್ಚಾಗಿದೆ. ಮೊದಲನೆಯ ಆರೋಪಿ ನಾನೇ ಎಂಬುದನ್ನು ಮರೆತಿಲ್ಲ.

ವ್ಯಾಲೆಟ್ ಎಂದರೆ ಹಣದ ಚೀಲವೆಂದು ನಾವೆಲ್ಲ ತಿಳಿಯುತ್ತೇವೆ. ಅದರಲ್ಲಿ ಹಣ ಇರುವುದೇ ಇಲ್ಲ! ಯಾರ ಲೆಕ್ಕಕ್ಕೆ ಎಷ್ಟು ನಾಣ್ಯ ಎಂಬುದನ್ನು ಬರೆದಿಟ್ಟ ಖಾತೆವಹಿಯ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿವೆ. ಅದನ್ನು ಯಾರು ಬೇಕಾದರೂ ಓದಬಹುದು. ಅದರಲ್ಲಿನ ಒಂದು ಲೆಕ್ಕದಿಂದ ನಾಣ್ಯವನ್ನು ಕದಲಿಸಲು ಬೇಕಾದ ಗುಪ್ತಸಂಖ್ಯೆಯೇ ಕೀಲಿ. ನಿಮ್ಮ ಮೊಬೈಲಿನಲ್ಲಿ ಇರುವುದು ಆ ಕೀಲಿ. ಕೀಲಿ ಕಳೆದರೂ ನಾಣ್ಯ ಅಲ್ಲಿಯೇ ಇರುತ್ತದೆ. ಊರೆಲ್ಲ ನೋಡಬಹುದು, ಯಾರೂ ಮುಟ್ಟುವಂತಿಲ್ಲ.

ಕಾಣುವುದು ಬೇರೆ, ಕೈಯಲ್ಲಿ ಇರುವುದು ಬೇರೆ ಎಂಬ ಈ ಪಾಠವನ್ನು ನಮ್ಮ ರಾಜ್ಯದ ಪೊಲೀಸರೂ ಕಲಿಯಬೇಕಾಯಿತು. 2020ರ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಶ್ರೀಕಿ ಎಂದು ಪತ್ರಿಕೆಗಳು ಕರೆದ ಹ್ಯಾಕರನನ್ನು ಬಂಧಿಸಿದ್ದು ನಿಮಗೆ ನೆನಪಿದ್ದೀತು. 2021ರ ಜನವರಿಯಲ್ಲಿ, ಆತನಿಂದ 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡೆವೆಂದು ಅವರು ಪ್ರಕಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ನಗರದ ಪೊಲೀಸ್ ಆಯುಕ್ತರ ಸ್ಪಷ್ಟೀಕರಣ ಬಂದಿತು: ಆರೋಪಿಯು ತನ್ನದೆಂದು ತೋರಿಸಿದ ವ್ಯಾಲೆಟ್ ಯಾವುದೋ ಎಕ್ಸ್‌ಚೇಂಜಿನದು, ಅದರ ಖಾಸಗಿ ಕೀಲಿ ಆತನ ಬಳಿ ಇಲ್ಲ ಎಂಬುದು ತಜ್ಞರ ಅಭಿಪ್ರಾಯವಂತೆ! ಈ ಪ್ರಕರಣದ ರಾಜಕೀಯ ನನಗೆ ಬೇಡ. ಪರದೆಯ ಮೇಲೆ ಕಂಡ ಅಂಕೆಯನ್ನು ನಂಬಿ ಪೊಲೀಸರೇ ಮೋಸಹೋದರೆ ನಮ್ಮ ಒಕ್ಕಲಿಗನ ಪಾಡೇನು?

ಈಗ ತರುಣರ ಪಕ್ಷಕ್ಕೆ ಬರೋಣ. ಕೀಲಿ ನಿನ್ನದಲ್ಲದಿದ್ದರೆ ನಾಣ್ಯವೂ ನಿನ್ನದಲ್ಲ ಎಂಬುದು ನಿಮ್ಮ ಮಂತ್ರ. ಇದರಲ್ಲಿ ಅರ್ಧ ಸತ್ಯವಿದೆ, ಒಪ್ಪಿದೆ. ಎಕ್ಸ್‌ಚೇಂಜಿನಲ್ಲಿ ನಾಣ್ಯವನ್ನು ಬಿಟ್ಟರೆ ಕೀಲಿ ಅವರ ಕೈಯಲ್ಲಿರುತ್ತದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳುವಾದವು. ಹಲವರ ಸಹಿ ಬೇಕಾದ ವ್ಯಾಲೆಟ್ಟಿನಿಂದಲೇ ಹೋದವು! ಅಲ್ಲಿ ನಾಣ್ಯವಿಟ್ಟವರು ಅದನ್ನು ಮತ್ತೆ ಹೊರತೆಗೆಯಲು 2025ರ ಅಕ್ಟೋಬರದವರೆಗೆ ಕಾಯಬೇಕಾಯಿತು. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸಿನ 4.4 ಕೋಟಿ ಡಾಲರ್ ಕಳುವಾಯಿತು. ಬೆಂಗಳೂರಿನ ಪೊಲೀಸರು ಅದರ ನೌಕರನೊಬ್ಬನನ್ನು ಬಂಧಿಸಿದರು. ಗ್ರಾಹಕರ ಹಣಕ್ಕೆ ಧಕ್ಕೆ ಇಲ್ಲ, ನಷ್ಟವನ್ನು ತಾನೇ ಹೊರುವೆನೆಂದು ಕಂಪನಿ ಹೇಳಿತು. ಒಳ್ಳೆಯದಾಯಿತು. ಹೊರಲಾರದ ಕಂಪನಿಯಾಗಿದ್ದರೆ?

ಬ್ಯಾಂಕಿನ ಮಾತು ಬೇರೆ. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ವಿಲೀನಗೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಫಲಕ ಬದಲಾಯಿತು, ಜನರ ಪಾಸ್‌ಬುಕ್ಕಿನ ಶಿಲ್ಕು ಬದಲಾಗಲಿಲ್ಲ. ಬ್ಯಾಂಕು ಮುಳುಗಿದರೂ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2025ರ ನವೆಂಬರ್ 1ರಿಂದ ನಾಲ್ವರು ನಾಮಿನಿಗಳನ್ನು ಹೆಸರಿಸಬಹುದು. ಗಂಡ ಹೇಳದೆ ಸತ್ತರೂ ಹೆಂಡತಿ ಮರಣ ಪ್ರಮಾಣಪತ್ರ ಹಿಡಿದು ಹೋಗಿ ಕೇಳಬಹುದಾದ ಒಂದು ಬಾಗಿಲು ಅಲ್ಲಿದೆ. ನಿಮ್ಮ ಮಂತ್ರವು ಆ ಬಾಗಿಲನ್ನೇ ಕಿತ್ತು ಹಾಕಿ ಅದಕ್ಕೆ ಸ್ವಾತಂತ್ರ್ಯವೆಂದು ಹೆಸರಿಟ್ಟಿದೆ. ನಿಮ್ಮ ಕಿಸೆಯ ಕೀಲಿಗೆ ನಾಮಿನಿ ಇಲ್ಲ. ಮಂತ್ರದ ಉಳಿದರ್ಧವನ್ನು ನೀವು ಹೇಳುವುದೇ ಇಲ್ಲ: ಕೀಲಿ ನಿನ್ನೊಬ್ಬನದೇ ಆದರೆ, ನಿನ್ನ ನಂತರ ನಾಣ್ಯ ಯಾರದೂ ಅಲ್ಲ.

ವೇಲ್ಸಿನ ನ್ಯೂಪೋರ್ಟ್ ಊರಿನ ಜೇಮ್ಸ್ ಹೊವೆಲ್ಸ್ ಎಂಬಾತನ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ಗುಡ್ಡ ಸೇರಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ ಅದರಲ್ಲಿತ್ತೆಂದು ಹೇಳುತ್ತ ಆತ ವರ್ಷಾನುಗಟ್ಟಲೆ ನಗರಸಭೆಯ ಬೆನ್ನು ಹತ್ತಿದ. ಬದುಕಿದ್ದವನ ಕಥೆಯೇ ಹೀಗೆ! ಸತ್ತವನ ಕಥೆ ನಮ್ಮ ದೇಶದಲ್ಲಿಯೇ ನಡೆದಿದೆ. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಮಾಲೀಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಜಯಪುರದಲ್ಲಿ ತೀರಿಕೊಂಡ. ಕೀಲಿಗಳೆಲ್ಲ ಅವನೊಬ್ಬನ ಬಳಿಯೇ ಇದ್ದವು, ಆದ್ದರಿಂದ ಗ್ರಾಹಕರ ನಾಣ್ಯ ತೆಗೆಯಲಾಗುತ್ತಿಲ್ಲ ಎಂದು ಕಂಪನಿ ಕೈ ಮೇಲೆತ್ತಿತು. ಆ ಹಣದ ಬಹುಭಾಗವನ್ನು ಆತ ಮೊದಲೇ ಕಳೆದಿದ್ದ, ಇಡೀ ವ್ಯವಹಾರವೇ ವಂಚನೆ ಎಂದು 2020ರಲ್ಲಿ ಒಂಟಾರಿಯೊ ಷೇರು ನಿಯಂತ್ರಣ ಆಯೋಗ ವರದಿ ಕೊಟ್ಟಿತು. ನೋಡಿರಿ, ಗುಟ್ಟು ಎಂಬುದು ಪ್ರಾಮಾಣಿಕನ ಮನೆಯನ್ನು ಮುಳುಗಿಸುತ್ತದೆ, ಕಳ್ಳನಿಗೆ ನೆಪವಾಗುತ್ತದೆ.

ನಮ್ಮ ಭಾಗದ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. (ಪಟ್ಟಣದಲ್ಲಿ ಹುಟ್ಟಿದ ಮೊಮ್ಮಕ್ಕಳಿಗಾಗಿ: ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹೊಟ್ಟು ಹಾಕಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ ಅದು.) ಮೇಲಿನಿಂದ ನೋಡಿದರೆ ಬರಿಯ ನೆಲ. ಕಳ್ಳನಿಗೆ ಅದರ ಬಾಯಿ ಕಾಣಬಾರದು ಎಂಬುದೇ ಉಪಾಯ. ಆದರೆ ಬಾಯಿ ಎಲ್ಲಿದೆ ಎಂಬುದು ಮನೆಯ ಯಜಮಾನನಿಗೆ, ಮನೆಯೊಡತಿಗೆ, ದೊಡ್ಡ ಮಗನಿಗೆ ಗೊತ್ತಿರುತ್ತಿತ್ತು. ಬಿತ್ತುವ ಬೀಜವನ್ನು ಮಾತ್ರ ಬೇರೆ ಗಡಿಗೆಯಲ್ಲಿ ಬೂದಿ ಬೆರೆಸಿ ಮನೆಯೊಳಗೆ ಇಡುತ್ತಿದ್ದರು. ಹಗೇವಿಗೆ ನೀರು ಹೊಕ್ಕರೂ ಮುಂದಿನ ವರ್ಷದ ಬಿತ್ತಿಗೆ ತೊಂದರೆ ಇಲ್ಲ. ಬಿ.ಇ. ಓದದ ಅಜ್ಜಿಯರು ಇಷ್ಟನ್ನು ತಿಳಿದಿದ್ದರು.

ಈ ಹನ್ನೆರಡು ಶಬ್ದಗಳಿಗೂ ಇಂಗ್ಲೀಷಿನಲ್ಲಿ ಬೀಜವೆಂದೇ ಹೆಸರು: ಸೀಡ್ ಫ್ರೇಸ್. 2,048 ಇಂಗ್ಲೀಷ್ ಶಬ್ದಗಳ ಒಂದು ನಿಶ್ಚಿತ ಪಟ್ಟಿ ಇದೆ. ಅದರಿಂದ ಯಾದೃಚ್ಛಿಕವಾಗಿ ಆಯ್ದ 12 ಅಥವಾ 24 ಶಬ್ದಗಳಿಂದ ನಿಮ್ಮ ಎಲ್ಲ ಕೀಲಿಗಳೂ ಹುಟ್ಟುತ್ತವೆ. ಮೊಬೈಲು ಕೆರೆಗೆ ಬಿದ್ದರೂ ಬೇರೊಂದು ಮೊಬೈಲಿನಲ್ಲಿ ಈ ಶಬ್ದಗಳನ್ನು ಅನುಕ್ರಮವಾಗಿ ಬರೆದರೆ ಎಲ್ಲವೂ ಮರಳುತ್ತದೆ.

ಇಲ್ಲಿ ಗಣಿತದ ಮಾಸ್ತರನಿಗೆ ಸ್ವಲ್ಪ ಅವಕಾಶ ಕೊಡಿರಿ. ಶಬ್ದಗಳ ಕ್ರಮವನ್ನು ಕಲಸಿ ಬರೆದಿಟ್ಟಿದ್ದೇನೆ, ಕಳ್ಳನಿಗೆ ತಿಳಿಯುವುದಿಲ್ಲ ಎಂದು ಹುಬ್ಬಳ್ಳಿಯ ಒಬ್ಬ ಶಿಷ್ಯ ಹೆಮ್ಮೆಯಿಂದ ಹೇಳಿದ. ಹತ್ತನೆಯ ತರಗತಿಯಲ್ಲಿ ಕ್ರಮಯೋಜನೆ ಕಲಿಸಿದ್ದೆನಲ್ಲ, ಎಲ್ಲಿ ಹೋಯಿತು ಅದು? 12 ಶಬ್ದಗಳನ್ನು 47,90,01,600 ರೀತಿಯಲ್ಲಿ ಜೋಡಿಸಬಹುದು. ಶಬ್ದಗಳೊಳಗೇ ಒಂದು ತಾಳೆಯ ಪರೀಕ್ಷೆ ಅಡಗಿರುವುದರಿಂದ ಹದಿನಾರರಲ್ಲಿ ಒಂದು ಜೋಡಣೆ ಮಾತ್ರ ಅದರಲ್ಲಿ ಪಾಸಾಗುತ್ತದೆ. ಉಳಿಯುವುದು ಸುಮಾರು 3 ಕೋಟಿ. ಮನುಷ್ಯನಿಗೆ ಅಸಾಧ್ಯ, ಕಂಪ್ಯೂಟರಿಗೆ ಚಿಲ್ಲರೆ ಕೆಲಸ. ಇನ್ನೊಬ್ಬ ಜಾಣ ಆರು ಶಬ್ದಗಳನ್ನು ಬೆಂಗಳೂರಿನಲ್ಲಿ, ಆರನ್ನು ಊರಲ್ಲಿ ಇಟ್ಟಿದ್ದಾನೆ. ಎರಡರಲ್ಲಿ ಯಾವ ಚೀಟಿ ಹಾಳಾದರೂ ಸಂಪತ್ತು ಹೋಯಿತು. ಅಂದರೆ ಕಳೆದುಕೊಳ್ಳುವ ಸಂಭವವನ್ನು ಈತ ಇಮ್ಮಡಿ ಮಾಡಿಕೊಂಡ! ಒಂದೇ ಒಂದು ಶಬ್ದ ಅಳಿಸಿದರೆ ಮಾತ್ರ 2,048 ಸಲ ಪ್ರಯತ್ನಿಸಿ ಹುಡುಕಬಹುದು. ಹನ್ನೆರಡೂ ಹೋದರೆ ಎದುರಾಗುವುದು 39 ಅಂಕಿಗಳ ಸಂಖ್ಯೆ. ನನ್ನ ಶಿಷ್ಯನ ಮನೆಯವರ ಮುಂದೆ ಇರುವುದು ಆ ಸಂಖ್ಯೆ.

ಹಾಗಾದರೆ ಏನು ಮಾಡಬೇಕು? ಪೂರ್ತಿ ಹನ್ನೆರಡೂ ಶಬ್ದಗಳನ್ನು, ಅನುಕ್ರಮ ಸಂಖ್ಯೆಯೊಡನೆ, ಕೈಯಿಂದ ಬರೆಯಿರಿ. ಎರಡು ಪ್ರತಿ, ಎರಡು ಬೇರೆ ಮನೆಗಳಲ್ಲಿ. ಬೆಂಕಿ, ನೀರು, ಗೆದ್ದಲಿನ ಹೆದರಿಕೆ ಇದ್ದವರು ಸ್ಟೀಲಿನ ತಗಡಿನ ಮೇಲೆ ಕೊರೆದಿಡಲಿ. ನಮ್ಮ ಕಡೆಯ ಗೆದ್ದಲು ನನ್ನ ಬಿ.ಎಡ್. ಅಂಕಪಟ್ಟಿಯನ್ನೇ ಬಿಟ್ಟಿಲ್ಲ, ನಿಮ್ಮ ಚೀಟಿಯನ್ನು ಬಿಟ್ಟೀತೆ? ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿರಿ; ಆ ಫೋಟೋ ನಿಮಗೆ ತಿಳಿಯದಂತೆ ಎಲ್ಲೆಲ್ಲಿಗೋ ಹೋಗಿ ಕೂಡುತ್ತದೆ. ವಾಟ್ಸಾಪಿನಲ್ಲಿ ಹೆಂಡತಿಗೆ ಕಳಿಸುವುದಂತೂ ಬೇಡವೇ ಬೇಡ. ಸಹಾಯಕೇಂದ್ರದವರೆಂದು ಹೇಳಿಕೊಂಡು ಯಾರು ಈ ಶಬ್ದಗಳನ್ನು ಕೇಳಿದರೂ ಅವರು ಕಳ್ಳರೇ, ಇದಕ್ಕೆ ಅಪವಾದವಿಲ್ಲ. ಕಳೆದ ನಾಣ್ಯವನ್ನು ಮರಳಿಸುತ್ತೇವೆಂದು ಮುಂಗಡ ಕೇಳುವವರು ಅವರ ಅಣ್ಣತಮ್ಮಂದಿರು. ಬರೆದಾದ ಮೇಲೆ ಒಮ್ಮೆ ಪರೀಕ್ಷೆ ಮಾಡಿರಿ. ಕೇವಲ ಐನೂರು ರೂಪಾಯಿಯ ನಾಣ್ಯ ಇರುವಾಗಲೇ ವ್ಯಾಲೆಟನ್ನು ಅಳಿಸಿ, ಚೀಟಿಯಿಂದ ಮತ್ತೆ ಹುಟ್ಟಿಸಿ ನೋಡಿರಿ. ಬಿತ್ತುವ ಮೊದಲು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುವುದಿಲ್ಲವೆ, ಹಾಗೆ.

ನಂತರ ಮನೆಯವರಿಗೆ ಹೇಳಿರಿ. ಏನಿದೆ, ಎಲ್ಲಿದೆ, ಯಾರ ಸಹಾಯ ಕೇಳಬೇಕು ಎಂಬ ಮೂರು ಮಾತುಗಳನ್ನು ಒಂದು ಹಾಳೆಯ ಮೇಲೆ ಬರೆದು ಹೆಂಡತಿಯ ಅಥವಾ ತಾಯಿಯ ಕೈಗೆ ಕೊಡಿರಿ. ಮೃತ್ಯುಪತ್ರಕ್ಕೆ ಸ್ಟ್ಯಾಂಪು ಬೇಕಿಲ್ಲ, ನೋಂದಣಿಯೂ ಕಡ್ಡಾಯವಿಲ್ಲ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಅದರಲ್ಲಿ ಈ ಆಸ್ತಿಯನ್ನು ನಮೂದಿಸಿರಿ. ಆದರೆ ಹನ್ನೆರಡು ಶಬ್ದಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿರಿ. ಮೃತ್ಯುಪತ್ರ ಹಲವರ ಕಣ್ಣಿಗೆ ಬೀಳುವ ಕಾಗದ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ, "ಅವಳಿಗೆ ಇದೆಲ್ಲ ತಿಳಿಯೂದಿಲ್ಲ ಮಾಮಾ" ಎಂದ. ಎರಡು ಮಕ್ಕಳನ್ನು ಪರದೇಶದಲ್ಲಿ ಬೆಳೆಸಿದ ಹೆಣ್ಣುಮಗಳಿಗೆ ಹನ್ನೆರಡು ಶಬ್ದಗಳ ಚೀಟಿ ತಿಳಿಯುವುದಿಲ್ಲವಂತೆ! ತಿಳಿಯುವುದಿಲ್ಲ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಎಷ್ಟು ಕಳೆದುಕೊಂಡಿದ್ದೇನೆಂದು ಆಕೆಗೆ ತಿಳಿಯಬಾರದು ಎಂಬ ನಾಚಿಕೆ ಎಂದು ನನ್ನ ಅನುಮಾನ.

ನಗದು ಮಾಡಿಕೊಳ್ಳುವಾಗಿನ ತಪ್ಪು ಇನ್ನೂ ದೊಡ್ಡದು. ಹಗೇವನ್ನು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅವಸರ ಮಾಡಿ ಇಳಿದು ಸತ್ತವರಿದ್ದಾರೆ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ನನ್ನ ಅಕ್ಕನ ಮಗ ಕಂದೀಲನ್ನು ಬಿಡದೆ ಇಳಿದ. ತನ್ನಲ್ಲಿದ್ದ ಟೆದರ್ ನಾಣ್ಯಗಳನ್ನು ಟೆಲಿಗ್ರಾಮಿನಲ್ಲಿ ಸಿಕ್ಕ ಅಪರಿಚಿತನಿಗೆ, ಡಾಲರಿಗೆ ಎರಡು ರೂಪಾಯಿ ಹೆಚ್ಚು ಸಿಗುತ್ತದೆಂಬ ಆಸೆಗೆ ಮಾರಿದ. 80,000 ರೂಪಾಯಿ ಕ್ಷಣದಲ್ಲಿ ಖಾತೆಗೆ ಬಂದಿತು. ಹನ್ನೊಂದನೆಯ ದಿನ ಖಾತೆಯೇ ಸ್ಥಗಿತ! ಬಂದದ್ದು ದೂರದ ರಾಜ್ಯದ ಯಾರೋ ವೃದ್ಧೆಯಿಂದ ಸೈಬರ್ ಕಳ್ಳರು ದೋಚಿದ ಹಣ. ಅಲ್ಲಿಯ ಪೊಲೀಸರು ಹಣದ ಜಾಡು ಹಿಡಿದು ಇವನ ಖಾತೆಗೆ ಬಂದಿದ್ದರು. ಸಂಬಳವೂ ಅದೇ ಖಾತೆಗೆ. ನಾಲ್ಕು ತಿಂಗಳು ಅಕ್ಕನ ಪಿಂಚಣಿಯಲ್ಲಿ ಮನೆ ನಡೆಯಿತು. ಬ್ಯಾಂಕಿನವರು ಪೊಲೀಸರ ಕಡೆಗೆ, ಪೊಲೀಸರು ಬ್ಯಾಂಕಿನವರ ಕಡೆಗೆ ಕೈ ತೋರಿಸಿದರು. ಅವರನ್ನು ಬೈಯುವುದರಲ್ಲಿ ನನಗೆ ಈಗ ಆಸಕ್ತಿಯಿಲ್ಲ. ಆ ವೃದ್ಧೆಯ ಮನೆ ಆ ತಿಂಗಳು ಹೇಗೆ ನಡೆದಿರಬಹುದೆಂದು ನಮ್ಮ ಹುಡುಗ ಒಮ್ಮೆಯೂ ಕೇಳಲಿಲ್ಲವೆಂಬುದು ನನ್ನ ದುಃಖ.

ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರನ್ನು ನಮ್ಮ ಅಮ್ಮಿನಬಾವಿಯ ಘಟಕದಲ್ಲಿ ಶುದ್ಧ ಮಾಡಿಯೇ ಹುಬ್ಬಳ್ಳಿ-ಧಾರವಾಡಕ್ಕೆ ಬಿಡುತ್ತಾರೆ. ಕುಡಿಯುವ ನೀರಿಗೆ ಕೇಳುವ ಪ್ರಶ್ನೆಯನ್ನು ಖಾತೆಗೆ ಬರುವ ರೊಕ್ಕಕ್ಕೂ ಕೇಳಬೇಡವೆ? 2023ರ ಮಾರ್ಚ್ 7ರಿಂದ ಎಕ್ಸ್‌ಚೇಂಜುಗಳು ಅಕ್ರಮ ಹಣ ತಡೆ ಕಾಯಿದೆಯ ವ್ಯಾಪ್ತಿಗೆ ಬಂದಿವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜಿಗೇ ಮಾರಿರಿ. ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ. ಸಂಬಳದ ಖಾತೆ ಬೇರೆ ಇರಲಿ. ನಾಣ್ಯ ಕಳಿಸುವಾಗ ಮೊದಲು ಚಿಕ್ಕ ಮೊತ್ತ ಕಳಿಸಿ, ಮುಟ್ಟಿತೆಂದು ಖಾತ್ರಿ ಮಾಡಿಕೊಂಡು ಉಳಿದುದನ್ನು ಕಳಿಸಿರಿ. ವಿಳಾಸವನ್ನು ಮೊದಲಿನಿಂದ ಕೊನೆಯವರೆಗೆ ಓದಿರಿ. ಮೊದಲ ನಾಲ್ಕು ಹಾಗೂ ಕೊನೆಯ ನಾಲ್ಕು ಅಕ್ಷರಗಳು ಒಂದೇ ಆಗಿರುವ ನಕಲಿ ವಿಳಾಸಗಳನ್ನು ಸೃಷ್ಟಿಸುವ ಠಕ್ಕರಿದ್ದಾರೆ. ನಗದು ಕೊಡುತ್ತೇನೆ, ಲೆಕ್ಕ ಬೇಡ ಎನ್ನುವವನು ಕರೆದರೆ ಹೋಗಬೇಡಿರಿ.

ಇನ್ನು ತೆರಿಗೆ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30, ಅದರ ಮೇಲೆ ಶೇಕಡಾ 4 ಸೆಸ್. 1 ಲಕ್ಷಕ್ಕೆ ಕೊಂಡದ್ದನ್ನು 3 ಲಕ್ಷಕ್ಕೆ ಮಾರಿದರೆ ತೆರಿಗೆ 62,400. ಮಾರುವಾಗಲೇ ಶೇಕಡಾ 1ರಂತೆ 3,000 ಟಿಡಿಎಸ್ ಕಡಿತವಾಗಿರುತ್ತದೆ. ಉಳಿದ 59,400 ನೀವು ಕಟ್ಟಬೇಕು. ಇನ್ನೊಂದು ನಾಣ್ಯದಲ್ಲಿ ಅದೇ ವರ್ಷ 1 ಲಕ್ಷ ಕಳೆದುಕೊಂಡಿದ್ದರೂ ಅದನ್ನು ಇದರಲ್ಲಿ ವಜಾ ಮಾಡುವಂತಿಲ್ಲ. ಲಾಭದಲ್ಲಿ ಸರಕಾರ ಪಾಲುದಾರ, ನಷ್ಟದಲ್ಲಿ ನೀವೊಬ್ಬರೇ. ಇದು ನ್ಯಾಯವಲ್ಲವೆಂದು ನಾನೂ ಹೇಳುತ್ತೇನೆ. ಆದರೆ ಅನ್ಯಾಯವೆಂದು ಅಡಗಿಸಿಟ್ಟರೆ ಆ ಹಣದಿಂದ ಮನೆ ಕಟ್ಟುವ ದಿನ ಏನೆಂದು ಹೇಳುವಿರಿ? ಕೊಂಡ ದಿನದ, ಮಾರಿದ ದಿನದ ಕಾಗದಗಳನ್ನು ಫೈಲು ಮಾಡಿಡಿರಿ.

ಕೊನೆಗೆ ನನ್ನ ಪಕ್ಷದವರು. ಇದು ಕಾಯಿದೆಬಾಹಿರ ಎಂದು ಕಟ್ಟೆಯ ಮೇಲೆ ಈಗಲೂ ಹೇಳುತ್ತಾರೆ. ರಿಸರ್ವ್ ಬ್ಯಾಂಕು 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದು ಮಾಡಿತು. ಇದು ನಮ್ಮ ದೇಶದ ಅಧಿಕೃತ ನಾಣ್ಯವಲ್ಲ. ಆದರೆ ಇಟ್ಟುಕೊಳ್ಳುವುದು ಅಪರಾಧವೂ ಅಲ್ಲ. ಇದು ಜೂಜು ಎಂದು ನನಗೆ ಈಗಲೂ ಬಲವಾಗಿ ಅನಿಸುತ್ತದೆ. ನನ್ನ ಮಕ್ಕಳಿಗೆ ಕೊಳ್ಳಬೇಡಿರೆಂದೇ ಹೇಳಿದ್ದೇನೆ. ಆದರೆ ಹಾಗೆ ಅನಿಸಿದ ಮಾತ್ರಕ್ಕೆ ಮಗನ ಬಾಯಿ ಮುಚ್ಚಿಸುವ ಹಕ್ಕು ನನಗೆ ಎಲ್ಲಿಂದ ಬಂತು? ನಾವು ಬೈದೆವು, ಅವರು ಹೇಳುವುದನ್ನು ನಿಲ್ಲಿಸಿದರು. ಅವರ ಗುಟ್ಟಿನ ಅರ್ಧ ಭಾಗ ನಮ್ಮ ಬಾಯಿಯಿಂದಲೇ ಹುಟ್ಟಿದ್ದು. ಅಂದು ನಾನು ಲಕೋಟೆಯನ್ನು ತೆಗೆದುಕೊಳ್ಳದಿದ್ದರೂ ನಡೆಯುತ್ತಿತ್ತು. "ಇದನ್ನ ನನಗ್ಯಾಕ ಕೊಡ್ತಿ? ಹೆಂಡತಿ ಮುಂದ ಹೇಳಿಯೇನು?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆ ತಂದೆ ಮೊಬೈಲನ್ನು ಮನೆಯ ಮಾಡದಲ್ಲಿ ಇಟ್ಟು ಈಗಲೂ ವಾರಕ್ಕೊಮ್ಮೆ ಚಾರ್ಜು ಮಾಡುತ್ತಾರೆ. ಅದರ ಉಪಯೋಗವಿಲ್ಲವೆಂದು ನಾನು ಎರಡು ಸಲ ಹೇಳಿದೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ರವಿವಾರ ಮುಂಜಾನೆ ಹನ್ನೊಂದರವರೆಗೆ ನಾನು ಮನೆಯಲ್ಲಿರುತ್ತೇನೆ. ನಿಮ್ಮಲ್ಲಿ ಯಾರ ಬಳಿಯಾದರೂ ಇಂಥ ಚೀಟಿ ಇದ್ದರೆ ಬನ್ನಿರಿ. ಚೀಟಿಯನ್ನು ತರಬೇಡಿರಿ, ನಾನು ನೋಡಲಾರೆ. ಹೆಂಡತಿಯನ್ನೋ ತಾಯಿಯನ್ನೋ ಕರೆದುಕೊಂಡು ಬನ್ನಿರಿ. ಕುಳಿತು ಆ ಮೂರು ಮಾತುಗಳ ಹಾಳೆಯನ್ನು ಬರೆಯೋಣ. ಬೈಯುವುದಿಲ್ಲ; ಚಹಾ ಇದೆ.